ನೋಡುಗರನ್ನು ಒಳಗೆ ಕರೆಯುವ ಬರೋಕ್ ಕಲೆ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಯುರೋಪಿನ ಪುನರುಜ್ಜೀವನ, ಮತಸುಧಾರಣೆಗಳ ಬಗ್ಗೆ ನಾವೆಲ್ಲ ಓದಿದ್ದೇವೆ. ಅವುಗಳ ನಂತರ, ಸುಮಾರು 1600ರಲ್ಲಿ ರೋಮ್ ನಗರದಲ್ಲಿ ರೂಪುಗೊಂಡ ಕಲಾಶೈಲಿಯೇ ಬರೋಕ್.

1517ರಲ್ಲಿ ಮಾರ್ಟಿನ್ ಲೂಥರ್ ಚರ್ಚನ್ನು ಪ್ರಶ್ನಿಸಿದ. ಮುಂದೆ ಸುಧಾರಕರಲ್ಲಿ ಹಲವರು ಚರ್ಚುಗಳಲ್ಲಿ ಚಿತ್ರ, ವಿಗ್ರಹಗಳೇ ಬೇಡವೆಂದರು. ಕ್ಯಾಥೊಲಿಕ್ ಚರ್ಚು ಟ್ರೆಂಟ್ ಮಹಾಸಭೆಯಲ್ಲಿ (1545-63) ಇದಕ್ಕೆ ಉತ್ತರ ಕೊಟ್ಟಿತು: ಚಿತ್ರಗಳು ಇರಲಿ, ಜನರಿಗೆ ಪಾಠ ಹೇಳಲಿ, ಭಕ್ತಿ ಹುಟ್ಟಿಸಲಿ. ಬರೋಕ್ ಕಲೆಯ ಚಲನೆ, ನೆರಳು-ಬೆಳಕು, ಭಾವತೀವ್ರತೆ, ವೈಭವ ಇವುಗಳ ಹಿಂದೆ ಬಹುಮಟ್ಟಿಗೆ ಈ ಉದ್ದೇಶವಿದೆ.

ಒಂದು ಹೋಲಿಕೆ ನೋಡೋಣ. ಮೈಕೆಲೆಂಜೆಲೊ 1504ರಲ್ಲಿ ಮುಗಿಸಿದ ಡೇವಿಡ್ ಶಿಲ್ಪ ಶಾಂತವಾಗಿ ನಿಂತಿದೆ. ಬರ್ನಿನಿ 1624ರಲ್ಲಿ ಮುಗಿಸಿದ ಡೇವಿಡ್ ಮೈ ತಿರುಚಿ, ತುಟಿ ಬಿಗಿಹಿಡಿದು ಕವಣೆ ಬೀಸುತ್ತಿದ್ದಾನೆ. ಎದುರು ನಿಂತವರಿಗೆ ಪಕ್ಕಕ್ಕೆ ಸರಿಯಬೇಕೆನಿಸುತ್ತದೆ! ಕರವಾಜಿಯೊ ಕತ್ತಲೆಯ ನಡುವೆ ಒಂದು ಕಡೆಯಿಂದ ಬೆಳಕು ಬೀಳಿಸಿದ. ಮೇರಿಯ ಮುಂದೆ ಮಂಡಿಯೂರಿದ ಬಡ ಯಾತ್ರಿಕನ ಕೊಳೆಯಾದ ಅಂಗಾಲನ್ನೂ ಬಿಡದೆ ಚಿತ್ರಿಸಿದ.

ಕಟ್ಟಡಗಳೂ ಹೀಗೆಯೇ. ಸಂತ ಪೀಟರ್ ಚರ್ಚಿನ ಮುಂದಿನ ಅಂಡಾಕಾರದ ಚೌಕವನ್ನು ಬರ್ನಿನಿಯ 284 ಕಂಬಗಳು ಚಾಚಿದ ಎರಡು ತೋಳುಗಳಂತೆ ಬಳಸಿವೆ.

ಎಂಜಿನಿಯರಿಂಗ್ ಓದಿದ ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ರೋಮಿನ ಸಂತ ಇಗ್ನೇಷಿಯಸ್ ಚರ್ಚು. ಅಲ್ಲಿ ಕಟ್ಟಬೇಕಿದ್ದ ಗುಮ್ಮಟವನ್ನು ಕಟ್ಟಲೇ ಇಲ್ಲ. ಬದಲಿಗೆ 1685ರಲ್ಲಿ ಆಂದ್ರೆಯಾ ಪೊಜ್ಜೊ ಚಪ್ಪಟೆ ಬಟ್ಟೆಯ ಮೇಲೆ ಗುಮ್ಮಟವನ್ನು ಬರೆದ. ನೆಲದಲ್ಲಿ ಗುರುತಿಸಿದ ಜಾಗದಲ್ಲಿ ನಿಂತರೆ ಅದು ನಿಜವಾದ ಗುಮ್ಮಟ. ದೂರ ಸರಿದರೆ ಆಕಾರ ಕೆಡುತ್ತದೆ. ಕಂಪ್ಯೂಟರ್ ಪರದೆಯಲ್ಲಿ ನಾವು ಇಂದು ಆಳವನ್ನು ತೋರಿಸುವುದೂ ಇಂಥದೇ ರೇಖಾಗಣಿತದಿಂದ.

ಈ ಮೋಡಿಯನ್ನು ರಾಜರೂ ಬಳಸಿಕೊಂಡರು. ಫ್ರಾನ್ಸಿನ 14ನೇ ಲೂಯಿಯ ವರ್ಸೇಲ್ಸ್ ಅರಮನೆಯಲ್ಲಿ ವೈಭವವೇ ಅಧಿಕಾರದ ಭಾಷೆಯಾಯಿತು. ಆದ್ದರಿಂದ ಬರೋಕ್ ಕಲೆಯನ್ನು ಮೆಚ್ಚುತ್ತಲೇ, ಅದು ಯಾರ ಪರವಾಗಿ ಮಾತಾಡುತ್ತಿದೆ ಎಂದೂ ಕೇಳಬೇಕಾಗುತ್ತದೆ.

ಪೊಜ್ಜೊ ಜೆಸ್ಯುಟ್ ಸಂಘದ ಸಹೋದರ. ಎರಡು ಶತಮಾನಗಳ ನಂತರ ಅದೇ ಸಂಘದ ಇಟಲಿಯ ಸಹೋದರ ಆಂಟೋನಿಯೊ ಮೊಸ್ಕೇನಿ ಮಂಗಳೂರಿಗೆ ಬಂದು, 1899ರಿಂದ 1901ರವರೆಗೆ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ನಮ್ಮ ಶಾಲೆಯ ಮಕ್ಕಳು ಪ್ರವಾಸಕ್ಕೆ ಅಲ್ಲಿಗೆ ಹೋದರೆ ಬರೀ ಫೋಟೊ ತೆಗೆದು ಹೊರಡದಿರಲಿ. ತಲೆಯೆತ್ತಿ ನೋಡಲಿ, ಈ ಚಿತ್ರವನ್ನು ಯಾರಿಗಾಗಿ, ಯಾಕಾಗಿ ಬರೆದರು ಎಂದು ಮೇಷ್ಟ್ರನ್ನು ಕೇಳಲಿ.