ತೆಳುಗಾಳಿಯಲ್ಲಿ ಹಾರಿದ ಚೀತಾ

ಹೆಲಿಕಾಪ್ಟರಿನ ರೋಟರ್, ಅಂದರೆ ತಲೆಯ ಮೇಲೆ ತಿರುಗುವ ರೆಕ್ಕೆಗಳ ಚಕ್ರ, ಗಾಳಿಯನ್ನು ಕೆಳಕ್ಕೆ ತಳ್ಳಿಯೇ ಯಂತ್ರವನ್ನು ಮೇಲೆತ್ತುವುದರಿಂದ, ಗಾಳಿ ತೆಳುವಾದಷ್ಟೂ ಅದರ ಹಿಡಿತ ಸಡಿಲಗೊಳ್ಳುತ್ತದೆ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧಕ್ಕೆ ಇಳಿದು ಎಂಜಿನ್ನೂ ಸೊರಗುತ್ತದೆ. ಉತ್ತರದ ಗಡಿಯನ್ನು ಹಿಮಾಲಯದಲ್ಲಿ ಕಾಯಬೇಕಾದ ಭಾರತದ ಸೇನೆ ಎಂಥ ಹೆಲಿಕಾಪ್ಟರನ್ನು ಆರಿಸಿಕೊಂಡಿತೆಂಬುದು ಬಹುಮಟ್ಟಿಗೆ ಈ ಒಂದು ತೊಡಕಿನಿಂದಲೇ ನಿರ್ಧಾರವಾಯಿತು.

ಫ್ರಾನ್ಸಿನೊಡನೆ 1962ರಲ್ಲಾದ ಒಪ್ಪಂದದಂತೆ ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆಯಾದ ಎಚ್‌ಎಎಲ್‌ನಲ್ಲಿ ತಯಾರಾಗತೊಡಗಿದ ಚೇತಕ್ ಹೆಲಿಕಾಪ್ಟರ್ ಬಹೂಪಯೋಗಿಯಾಗಿದ್ದರೂ, ಅತಿ ಎತ್ತರದ ಠಾಣೆಗಳಿಗೆ ಇನ್ನೂ ಹಗುರವಾದ ಯಂತ್ರ ಬೇಕಾಗಿತ್ತು. ಭಾರತದ ಈ ಬೇಡಿಕೆಗಾಗಿಯೇ ಫ್ರೆಂಚ್ ಎಂಜಿನಿಯರರು ತಮ್ಮ ಅಲುಯೆಟ್-2 ಹೆಲಿಕಾಪ್ಟರಿನ ಹಗುರ ಒಡಲಿಗೆ, ಚೇತಕ್‌ನ ಮೂಲವಾದ ಅಲುಯೆಟ್-3ರ ಬಲವಾದ ಎಂಜಿನ್ ಮತ್ತು ರೋಟರ್ ಜೋಡಿಸಿ ‘ಲಾಮಾ’ವನ್ನು ರೂಪಿಸಿದರು. ಸುಮಾರು 870 ಅಶ್ವಶಕ್ತಿಯ ಎಂಜಿನ್ನನ್ನು ನೆಲಮಟ್ಟದಲ್ಲಿ 550ಕ್ಕೇ ಮಿತಿಗೊಳಿಸಿ, ಉಳಿದ ಶಕ್ತಿಯನ್ನು ಎತ್ತರಕ್ಕೆಂದು ಕಾದಿರಿಸಿದ್ದೇ ಇದರ ಮರ್ಮ. 1972ರ ಜೂನ್ 21ರಂದು ಫ್ರೆಂಚ್ ಪೈಲಟ್ ಜ್ಯಾಂ ಬೂಲೆ ಇದನ್ನು 12,442 ಮೀಟರ್ ಎತ್ತರಕ್ಕೆ ಒಯ್ದು ವಿಶ್ವದಾಖಲೆ ಮಾಡಿದಾಗ ಎಂಜಿನ್ ಆರಿಹೋಗಿ, ಗಾಳಿಯ ರಭಸಕ್ಕೆ ತಾನಾಗಿ ತಿರುಗುವ ರೋಟರನ್ನೇ ನಂಬಿ ಅವರು ನೆಲ ಮುಟ್ಟಬೇಕಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಜೋಡಣೆಗೊಂಡ ಲಾಮಾ ‘ಚೀತಾ’ ಎಂಬ ಹೆಸರಿನಲ್ಲಿ ಹಾರಿತು.

1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯನ್ನು ವಶಕ್ಕೆ ಪಡೆಯಲು ಭಾರತದ ಸೇನೆ ಕೈಗೊಂಡ ಆಪರೇಷನ್ ಮೇಘದೂತ್ ಆರಂಭವಾದಾಗ, ಆ ಹಿಮನದಿಯ ಪಶ್ಚಿಮದ ಬಿಲಾಫೊಂಡ್ ಲಾ ಎಂಬ ಕಣಿವೆದಾರಿಗೆ ಸೈನಿಕರನ್ನು ಒಬ್ಬಿಬ್ಬರಂತೆ ಇಳಿಸಿದ್ದು ಚೀತಾಗಳೇ. ಅಲ್ಲಿಂದಾಚೆಗೆ ಅವುಗಳ ನಿತ್ಯದ ದುಡಿಮೆ ಹೇಸರಗತ್ತೆಯದು: ಮೇಲೇರುವಾಗ ಸೀಮೆಎಣ್ಣೆ, ಪಡಿ, ಔಷಧ, ಅಂಚೆ; ಇಳಿಯುವಾಗ ಹಿಮಕಡಿತಕ್ಕೆ ಸಿಕ್ಕವರು, ಗಾಯಾಳುಗಳು. ಅತಿ ಎತ್ತರದ ಠಾಣೆಗಳಿಗೆ ಒಂದೆರಡು ಡಬ್ಬಿ ಸೀಮೆಎಣ್ಣೆಗಿಂತ ಹೆಚ್ಚು ಹೊರಲಾಗದ್ದರಿಂದ ಪೈಲಟ್‌ಗಳು ಲೆಕ್ಕಹಾಕಿದಷ್ಟೇ ಇಂಧನ ತುಂಬಿಸಿಕೊಳ್ಳುತ್ತಾರೆ. ಚಳಿಯಲ್ಲಿ ಮತ್ತೆ ಹೊತ್ತಿಕೊಳ್ಳದೇ ಹೋದೀತೆಂದು ಎಂಜಿನ್ ಆರಿಸದೆಯೇ ಸಾಮಾನು ಇಳಿಸುತ್ತಾರೆ. ಯುದ್ಧದ ಕಥನಗಳು ಗುಂಡು ಹಾರಿಸುವ ಹೆಲಿಕಾಪ್ಟರಿಗೆ ಕೊಡುವ ಮನ್ನಣೆಯಲ್ಲಿ ಕಾಲುಭಾಗವೂ ಈ ಹೊರೆಗೆಲಸಕ್ಕೆ ಸಂದಿಲ್ಲವಾದರೂ, ಸಿಯಾಚಿನ್‌ನ ಠಾಣೆಗಳು ಉಳಿದಿರುವುದು ಬಹಳಮಟ್ಟಿಗೆ ಇದರಿಂದಲೇ.

ಶಸ್ತ್ರಸಜ್ಜಿತ ಹೆಲಿಕಾಪ್ಟರಿಗೂ ಇದೇ ತೆಳುಗಾಳಿ ಅಡ್ಡಬಂದದ್ದು 1999ರ ಕಾರ್ಗಿಲ್ ಸಮರದಲ್ಲಿ ಬಯಲಾಯಿತು. ದಾಳಿಗೆಂದೇ ಇದ್ದ ಎಂಐ-35 ಆ ಎತ್ತರಗಳಿಗೆ ಒಗ್ಗದಿದ್ದುದರಿಂದ, ಸಾಗಾಟಕ್ಕೆಂದು ತಯಾರಾದ ಎಂಐ-17ಕ್ಕೆ ರಾಕೆಟ್ ಕಟ್ಟಿ ಕಳುಹಿಸಲಾಯಿತು. ಮೇ 28ರಂದು ಅವುಗಳಲ್ಲೊಂದು ಕ್ಷಿಪಣಿಗೆ ಸಿಕ್ಕಿ ಒಳಗಿದ್ದ ನಾಲ್ವರೂ ಮಡಿದರು. ಆ ಕೊರತೆಯನ್ನು ತುಂಬಲೆಂದು ಎಚ್‌ಎಎಲ್ ರೂಪಿಸಿದ ‘ಪ್ರಚಂಡ’ ದಾಳಿ ಹೆಲಿಕಾಪ್ಟರ್ 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆಯನ್ನು ಸೇರಿತು. ಚೀತಾದ ಸ್ಥಾನಕ್ಕೆಂದು ವಿನ್ಯಾಸಗೊಂಡ ಹಗುರ ಹೆಲಿಕಾಪ್ಟರಿನ ತಯಾರಿಕೆಗಾಗಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಕಟ್ಟಿದ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡಾಗಲೂ ಸಿಯಾಚಿನ್‌ಗೆ ಪಡಿ ಹೊರುತ್ತಿದ್ದವುಗಳಲ್ಲಿ ಆ ಹಳೆಯ ಚೀತಾಗಳಿದ್ದವು.