ಮತ ಬೇಡವೆಂದು ಮತ ಹಾಕಿದವರು

ನಾಲ್ವರು ಅತ್ತ, ನಾಲ್ವರು ಇತ್ತ ನಿಂತರೆ ತೀರ್ಮಾನ ಯಾರದು?

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಮುಕ್ತ ತಂತ್ರಾಂಶ ಡೆಬಿಯನ್. 1998ರಲ್ಲಿ ಅದಕ್ಕೆ ತನ್ನದೇ ಸಂವಿಧಾನ ಬಂತು. ಅಲ್ಲಿ ಸದಸ್ಯರು ಒಂದಕ್ಕೇ ಮುದ್ರೆ ಒತ್ತುವುದಿಲ್ಲ. ಆಯ್ಕೆಗಳಿಗೆ 1, 2, 3 ಎಂದು ಕ್ರಮಾಂಕ ಕೊಡುತ್ತಾರೆ.

2014ರ ಫೆಬ್ರುವರಿಯಲ್ಲಿ ಕಂಪ್ಯೂಟರನ್ನು ಚಾಲೂ ಮಾಡುವ ಕೆಲಸ ‘ಸಿಸ್ಟಮ್‌ಡಿ’ಗೋ ‘ಅಪ್‌ಸ್ಟಾರ್ಟ್’ಗೋ ಎಂಬ ಜಗಳದಲ್ಲಿ ತಾಂತ್ರಿಕ ಸಮಿತಿ 4-4 ಆಗಿ ಒಡೆಯಿತು. ಅಧ್ಯಕ್ಷರ ನಿರ್ಣಾಯಕ ಮತ ಸಿಸ್ಟಮ್‌ಡಿಗೆ ಬಿತ್ತು. ಜಗಳ ನಿಲ್ಲಲಿಲ್ಲ. ನವೆಂಬರ್‌ನಲ್ಲಿ ವಿಷಯ ಎಲ್ಲ ಸದಸ್ಯರ ಮುಂದೆ ಬಂದಾಗ ಗೆದ್ದದ್ದು ಯಾವುದು ಗೊತ್ತೇ? ‘ಇದಕ್ಕೆ ಠರಾವೇ ಬೇಕಿಲ್ಲ’ ಎಂಬ ಆಯ್ಕೆ!

ಒಪ್ಪದ ಕೆಲವರು ಅದೇ ತಿಂಗಳು ‘ಡೆವುಅನ್’ ಎಂಬ ಕವಲು ತೆಗೆದರು. ಮುಕ್ತ ತಂತ್ರಾಂಶದಲ್ಲಿ ಸೋತವರೂ ಕೋಡ್ ಹೊತ್ತು ಹೊರಡಬಹುದು. ಹಾಗಾಗಿ ಅಲ್ಲಿ ಗೆಲ್ಲುವುದಕ್ಕಿಂತ ಸೋತವರನ್ನು ಉಳಿಸಿಕೊಳ್ಳುವುದೇ ಕಷ್ಟ. ನಮ್ಮ ಸಂಘಗಳಲ್ಲೂ ಅಷ್ಟೇ ಅಲ್ಲವೇ?