ಎರಡು ಪೈ ಸೇರಿದ ಮನೆ

ಉಡುಪಿಗೆ ಹೋದವರು ಕಿಂಡಿಯಲ್ಲಿ ಕೃಷ್ಣನನ್ನು ಕಂಡು, ರಥಬೀದಿಯಲ್ಲೊಂದು ಸುತ್ತು ಹಾಕಿ, ದೋಸೆ ತಿಂದು ಹಿಂತಿರುಗುವುದು ವಾಡಿಕೆ. ನಾನೂ ಬಹುಕಾಲ ಹಾಗೆಯೇ ಮಾಡಿದವನು. ಈಚೆಗೆ ಅದೇ ಊರಿನ ಇನ್ನೊಂದು ಮನೆಯನ್ನು ನೋಡಿ ಬಂದೆ. ಅದು ಹಾಜಿ ಅಬ್ದುಲ್ಲಾ ಸಾಹೇಬರ ಮನೆ; ಒಂದು ಬ್ಯಾಂಕು ಹುಟ್ಟಿದ ಮನೆ.

1906ರ ಮಾರ್ಚ್ 12ರಂದು ಸಾಹೇಬರೂ ಅವರ ಮಿತ್ರರೂ ಕೂಡಿ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ)’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೂಲ ಬಂಡವಾಳ 5000 ರೂಪಾಯಿ. ಮೊದಲ ದಿನದ ವ್ಯವಹಾರ ಮುಗಿದಾಗ ಕೈಯಲ್ಲಿದ್ದುದು 38 ರೂಪಾಯಿ, 13 ಆಣೆ, 2 ಪೈ.

ಈ ಲೆಕ್ಕದಲ್ಲಿ ನನ್ನ ಮನಸ್ಸು ನಿಲ್ಲುವುದು ಕೊನೆಯ ಎರಡು ಪೈಗಳ ಮೇಲೆ. ರೂಪಾಯಿಗೆ 192 ಪೈಗಳಿದ್ದ ಕಾಲವದು. ಆಗಿನ ಉಡುಪಿ ಮದರಾಸು ಆಧಿಪತ್ಯದ ಒಂದು ತಾಲ್ಲೂಕು ಕಸಬೆ. ಸುತ್ತಲೂ ಗದ್ದೆ, ತೆಂಗಿನ ತೋಟ, ದಾಟಬೇಕಾದ ಹೊಳೆಗಳು. ಮಂಗಳೂರಿಗೇ ರೈಲು ಬಂದುದು ಮರುವರ್ಷ. ಗೇಣಿಯನ್ನು ಅಕ್ಕಿಮುಡಿಗಳಲ್ಲಿ ಅಳೆದುಕೊಡುವ ಒಕ್ಕಲಿಗೆ ನಗದು ಕಾಣುವುದೇ ಅಪರೂಪ. ಕಂಡರೂ ಅದು ಮಡಕೆಗೋ ಅಟ್ಟಕ್ಕೋ ಸೇರಬೇಕು. ಕಷ್ಟ ಬಂದರೆ ಸಾಹುಕಾರನ ಜಗಲಿಯೇ ಗತಿ. ಅಂಥ ನಾಡಿನಲ್ಲಿ ಎರಡು ಪೈಯನ್ನೂ ಬಿಡದೆ ಲೆಕ್ಕಕ್ಕೆ ಹಿಡಿದರಲ್ಲ, ಆ ಬ್ಯಾಂಕಿನ ಸ್ವಭಾವವೆಲ್ಲ ಅಲ್ಲಿಯೇ ಇದೆ. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲಿಯೂ ಉಳಿತಾಯದ ಅಭ್ಯಾಸವನ್ನೂ ಸಹಕಾರವನ್ನೂ ಬೆಳೆಸಬೇಕೆಂಬುದು ಸ್ಥಾಪಕರ ಆಶಯ. ಸ್ವದೇಶಿ ಚಳವಳಿಯ ಗಾಳಿ ಆ ಸಣ್ಣ ಊರಿಗೂ ಬೀಸಿತ್ತು.

ಮನೆಯಲ್ಲಿ ಬ್ಯಾಂಕು ಹುಟ್ಟಿದುದು ಆಕಸ್ಮಿಕವೇನಲ್ಲ. ಊರಿನವರು ಕಂಪೆನಿ ಕಾಯಿದೆಯನ್ನು ಓದಿ ಹಣ ಇಟ್ಟವರಲ್ಲ. ಮನೆಯ ಯಜಮಾನನನ್ನು ಕಂಡು ಇಟ್ಟವರು. ಆ ನಂಬಿಕೆ ಹೊಳೆ ದಾಟಲು ಕಾಲ ಹಿಡಿಯಿತು. ಕುಂದಾಪುರದಲ್ಲಿ ಮೊದಲ ಶಾಖೆ ತೆರೆದುದು 1923ರಲ್ಲಿ, ಅಂದರೆ ಹದಿನೇಳು ವರ್ಷಗಳ ಮೇಲೆ! ಮಂಗಳೂರಿನದು 1926ರಲ್ಲಿ. ಅಷ್ಟರಲ್ಲಿ ಅದೇ ಉಡುಪಿಯಲ್ಲಿ 1925ರಲ್ಲಿ ಇನ್ನೊಂದು ಸಂಸ್ಥೆ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದುದು, ತಲೆಯೆತ್ತಿತ್ತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಲ್ಲಿ ಸಂಗ್ರಹಿಸತೊಡಗಿತು. ಮೊದಲು ಜನ ಬ್ಯಾಂಕಿನ ಮನೆಗೆ ಹೋದರು. ಇಪ್ಪತ್ತೆರಡು ವರ್ಷಗಳ ತರುವಾಯ ಬ್ಯಾಂಕು ಜನರ ಮನೆಗೆ ಬಂತು.

ಸಾಹೇಬರ ಬ್ಯಾಂಕು 1972ರಲ್ಲಿ ‘ಕಾರ್ಪೊರೇಷನ್ ಬ್ಯಾಂಕ್’ ಎನಿಸಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ವಿಲೀನದ ಸರಿತಪ್ಪುಗಳನ್ನು ಅರ್ಥಶಾಸ್ತ್ರಜ್ಞರು ನೋಡಿಕೊಳ್ಳಲಿ. ನನ್ನ ಮಗಳು ಮೊನ್ನೆ ಪೆಟ್ಟಿಗೆಯಿಂದ ನನ್ನ ತಂದೆಯ ಹಳೆಯ ಪಾಸುಪುಸ್ತಕವನ್ನು ತೆಗೆದು, “ಇದು ಯಾವ ಬ್ಯಾಂಕಪ್ಪ, ಎಲ್ಲೂ ಇಲ್ಲವಲ್ಲ?” ಎಂದಳು. ಬೋರ್ಡು ಇಳಿದು ಕೆಲವೇ ವರ್ಷಗಳಾಗಿವೆ. ಒಂದು ತಲೆಮಾರಿನ ನೆನಪು ಆಗಲೇ ಅಳಿಸಿತ್ತು. ಅವಳಿಗೆ ತೋರಿಸಲು ಉಳಿದಿರುವುದು ಆ ಮನೆಯೊಂದೇ.

ನಾವು ಕನ್ನಡ ಮೇಷ್ಟರುಗಳು ಶಾಸನಗಳನ್ನು ಪಾಠ ಹೇಳುವವರು. ದೇವರಿಗೆಂದು ಯಾರೋ ಒಂದಷ್ಟು ಗದ್ಯಾಣ ಬಿಟ್ಟರು, ಅದರ ಬಡ್ಡಿಯಲ್ಲಿ ನಂದಾದೀಪ ಉರಿಯಬೇಕು ಎಂಬ ಶಾಸನಗಳು ಎಷ್ಟಿಲ್ಲ! ಅವನ್ನು ಚರಿತ್ರೆಯೆಂದು ಕಾಪಾಡುತ್ತೇವೆ. ಅದೇ ವ್ಯವಹಾರ ಕಾಗದದ ಮೇಲೆ, ಹಳೆಯ ಗೋಡೆಗಳ ನಡುವೆ ನಡೆದಿದ್ದರೆ ಅದನ್ನು ಹಳೆಯ ಸಾಮಾನೆಂದು ತಳ್ಳಿಬಿಡುತ್ತೇವೆ. ಹಳ್ಳಿಗಳ ಸಹಕಾರ ಸಂಘಗಳ ಹಳೆಯ ಕಟ್ಟಡಗಳ ಗತಿಯೂ ಅನೇಕ ಕಡೆ ಇದೇ. ಅರಮನೆಗಳು ಅರಸರ ಸಿರಿಯನ್ನು ಹೇಳುತ್ತವೆ. ಬಡವನ ಉಳಿತಾಯವನ್ನು ಹೇಳಲು ಇಂಥ ಕಟ್ಟಡಗಳಲ್ಲದೆ ಬೇರೆ ಯಾವುವಿವೆ?

ಉಡುಪಿಯ ಮನೆಗೆ ಅದೃಷ್ಟವಿತ್ತು. ಬ್ಯಾಂಕಿನವರೇ ಮುಂದೆ ನಿಂತು ಅದನ್ನು ಸಂಗ್ರಹಾಲಯವನ್ನಾಗಿ ಮಾಡಿದರು. ಅಲ್ಲಿ ಪ್ರಾಚೀನ ಅರಸರ ನಾಣ್ಯಗಳನ್ನು ಜೋಡಿಸಿಟ್ಟಿದ್ದಾರೆ. ಅವುಗಳನ್ನೆಲ್ಲ ಕಣ್ತುಂಬ ನೋಡಿದೆ. ಆದರೆ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ನನಗೆ ನೆನಪಾದುದು ಯಾವ ಅರಸನ ನಾಣ್ಯವೂ ಅಲ್ಲ, ಮೊದಲ ದಿನದ ಲೆಕ್ಕಕ್ಕೆ ಸೇರಿದ ಆ ಎರಡು ಪೈ.